ಪ್ಲೇಯರಿನಲ್ಲಿ ಸಿಗದ ಉಸಿರು

ನವೆಂಬರ್ ಹದಿನೇಳು, ಭಾನುವಾರ, ಬೆಳಿಗ್ಗೆ ಆರೂವರೆ. ಚಿಕ್ಕಬಳ್ಳಾಪುರದ ನಮ್ಮ ಮನೆಯ ನಡುಕೋಣೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಮತ್ತು ಹಿಂದಿನ ಸಂಜೆ ಗೌರಿಬಿದನೂರಿನಿಂದ ಬಂದಿದ್ದ ಹೆಂಡತಿಯ ತಮ್ಮನ ಮಗಳು. ಕಿಟಕಿ ಮುಚ್ಚಿತ್ತು. ಫ್ಯಾನ್ ಆರಿಸಿದ್ದೆ, ಫ್ರಿಜ್ಜಿನ ಸ್ವಿಚ್ಚನ್ನೂ ತೆಗೆದಿದ್ದೆ. ಮೇಜಿನ ಮೇಲೆ ಅಂಗೈಯಗಲದ ಪ್ಲೇಯರ್, ಒಂದು ಹೆಡ್‌ಫೋನ್, ನನ್ನ ನೋಟ್‌ಬುಕ್ಕು.

ಒಂದೂವರೆ ವರ್ಷದಿಂದ ಈ ಅರ್ಧ ಗಂಟೆ ನಮ್ಮ ಮನೆಯಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಏಳರವರೆಗೆ ಕುಕ್ಕರ್ ಇಡುವಂತಿಲ್ಲ, ಮಿಕ್ಸಿ ತಿರುಗಿಸುವಂತಿಲ್ಲ. ನಾನು ಮೂವತ್ತಮೂರು ವರ್ಷ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡಿದವನು. ಹರಾಜಿನ ಗಂಟೆ ಒಂದು ನಿಮಿಷ ತಡವಾದರೆ ಗೂಡು ತಂದ ರೈತರೂ ಕೊಳ್ಳಲು ಬಂದ, ನೂಲು ತೆಗೆಯುವ ರೀಲರುಗಳೂ ಒಟ್ಟಿಗೆ ಜಗಳಕ್ಕೆ ನಿಲ್ಲುತ್ತಿದ್ದರು. ಅಲ್ಲಿ ಬಿದ್ದ ಅಭ್ಯಾಸ ಇಂದಿಗೂ ಬಿಟ್ಟಿಲ್ಲ.

ಹೆಂಡತಿ ಹಾಡುತ್ತಿದ್ದಳು. ವೇದಿಕೆ ಹತ್ತಿದವಳಲ್ಲ. ಅಜ್ಜಿಯಿಂದ ಕಲಿತ ತೆಲುಗು ಕೀರ್ತನೆ, ಕನ್ನಡದ ದೇವರನಾಮ, ರೇಷ್ಮೆಹುಳು ಸಾಕುವ ಮನೆಯಲ್ಲಿ ಸೊಪ್ಪು ಹಾಕುತ್ತ ಹೇಳುವ ಪದ. ಗಂಟಲು ತುಂಬಿ ಬರುವ ದನಿ ಅವಳದು, ಆದರೆ ಪ್ರತಿ ಸಾಲಿಗೂ ಮುಂಚೆ ಉಸಿರೆಳೆದುಕೊಳ್ಳುವುದು ಪಕ್ಕದ ಕೋಣೆಯವರೆಗೂ ಕೇಳಿಸುತ್ತಿತ್ತು. ಟೇಪ್ ರೆಕಾರ್ಡರ್ ತಂದ ಹೊಸತರಲ್ಲಿ ಶುರು ಮಾಡಿ ಹದಿನೈದು ವರ್ಷಗಳಲ್ಲಿ ಹನ್ನೊಂದು ಕ್ಯಾಸೆಟ್ ತುಂಬಿಸಿದ್ದೆ. ಪ್ರತಿಯೊಂದಕ್ಕೂ ಸಂಖ್ಯೆ, ದಿನಾಂಕ, ಹಾಡುಗಳ ಪಟ್ಟಿ ಇತ್ತು.

ಮೂರು ವರ್ಷದ ಹಿಂದೆ ಅವಳ ಗಂಟಲಲ್ಲಿ ಗೆಡ್ಡೆ ಕಂಡಿತು. ಅದನ್ನು ತೆಗೆಯುವಾಗ ದನಿಯ ನರವನ್ನೂ ಕತ್ತರಿಸಬೇಕಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಈಗ ಅವಳದು ಪಿಸುಮಾತು. ಬೀದಿಯಲ್ಲಿ ಆಟೋ ಹೋದರೆ ಅದೂ ಮುಳುಗಿಹೋಗುತ್ತದೆ. ಅವಳು ಅತ್ತಿದ್ದನ್ನು ನಾನು ನೋಡಿಲ್ಲ. ಒಂದು ದಿನ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದವಳು ಇಷ್ಟು ಹೇಳಿದಳು:

“ರೀ, ನಾನು ಹೆಂಗೆ ಹಾಡ್ತಿದ್ದೆ ಅನ್ನೋದೇ ಮರ್ತು ಹೋಗ್ತಾ ಐತೆ. ಒಳಗೆ ಹುಡುಕಿದ್ರೆ ಸಿಗಲ್ಲ. ಒಂದ್ಸಲ ಕೇಳಿಸ್ರಿ.”

ಕ್ಯಾಸೆಟ್ಟುಗಳಿಂದ ಮಾಡಿಸಿಟ್ಟಿದ್ದ ಫೈಲನ್ನು ಮೊಬೈಲಿನಲ್ಲಿ ಕೇಳಿಸಿದೆ. ತಗಡಿನ ಡಬ್ಬದೊಳಗೆ ಯಾರೋ ಕೂತು ಹಾಡಿದ ಹಾಗಿತ್ತು. “ಇದು ಯಾರು, ನಿಮ್ಮ ಅಕ್ಕನಾ?” ಎಂದು ಕೇಳಿದಳು. ನಮ್ಮ ಅಕ್ಕ ಹಾಡಲು ಬಾಯಿ ತೆರೆದರೆ ಮಕ್ಕಳು ಹೊರಗೆ ಓಡುತ್ತಿದ್ದರು. ಆವತ್ತೇ ಒಳ್ಳೆಯ ಪ್ಲೇಯರ್ ಕೊಳ್ಳುವುದೆಂದು ತೀರ್ಮಾನಿಸಿದೆ. ಸ್ಟುಡಿಯೋದಲ್ಲಿ ಮುದ್ರಿಸಿದ್ದನ್ನು ಒಂದೆಳೆಯೂ ಬಿಡದೆ ಕೇಳಿಸುತ್ತದೆ ಎಂದು ಅದರ ಡಬ್ಬದ ಮೇಲೆ ಬರೆದಿತ್ತು.

ಪ್ಲೇಯರ್ ಬಂದ ಮೇಲೆ ಕೆಲಸ ಕ್ರಮವಾಗಿ ಶುರುವಾಯಿತು. ಒಂದು ದಿನಕ್ಕೆ ಒಂದೇ ಬದಲಾವಣೆ, ಅದರ ಫಲ ನೋಟ್‌ಬುಕ್ಕಿಗೆ. ಬ್ಲೂಟೂತ್ ತೆಗೆದು ತಂತಿ ಹಾಕಿದೆ. ದನಿ ಹತ್ತಿರ ಬಂತು. ತಂತಿ ಚುಚ್ಚಲು ಪ್ಲೇಯರಿಗೆ ಎರಡು ತೂತು, ದಪ್ಪ ತೂತಿಗೆ ಹೊಂದುವ ತಂತಿಯನ್ನು ಬೇರೆಯಾಗಿ ತರಿಸಿದೆ; ಹಿಂದಿನ ಗುಜುಗುಜು ಕಡಿಮೆಯಾಯಿತು. ದನಿಯ ಬಲವನ್ನು ಹೆಚ್ಚು ಕಡಿಮೆ ಮಾಡುವ ಗೇನ್ ಎಂಬುದನ್ನು ಕೆಳಗಿನ ಹಂತಕ್ಕೆ ಇಳಿಸಿದೆ. ಕಿವಿಗೆ ಚುಚ್ಚುವುದು ನಿಂತಿತು. ಕಂಪನಿಯವರೇ ತುಂಬಿಸಿಟ್ಟಿದ್ದ ಬಣ್ಣಗಳನ್ನೆಲ್ಲ, ಅಂದರೆ ಬೇಸ್ ಹೆಚ್ಚಿಸುವುದು, ಸಭಾಂಗಣದ ಪ್ರತಿಧ್ವನಿ ಸೇರಿಸುವುದು, ಇವನ್ನು ಆರಿಸಿದೆ. ಕಿವಿಯೊಳಗೆ ಹಾಕುವ ರಬ್ಬರಿನ ಮೂರು ಅಳತೆಗಳನ್ನು ಮೂರು ದಿನ ನೋಡಿ, ಕೊನೆಗೆ ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನಿಗೇ ಬಂದು ನಿಂತೆ.

ಪ್ರತಿ ಸಲವೂ ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಪ್ರತಿ ಸಲವೂ ಹೆಡ್‌ಫೋನ್ ತೆಗೆದು, “ನಿನ್ನೆಗಿಂತ ವಾಸಿ. ಆದ್ರೆ ಏನೋ ಬಂದಿಲ್ಲ” ಎನ್ನುತ್ತಿದ್ದಳು. ಏನು ಬಂದಿಲ್ಲ ಎಂದರೆ ಹೇಳಲು ಬರುತ್ತಿರಲಿಲ್ಲ. ನಾನು ‘ಏನೋ ಬಂದಿಲ್ಲ’ ಎಂದು ಬರೆದುಕೊಳ್ಳುತ್ತಿದ್ದೆ.

ಆ ಭಾನುವಾರ ಹುಡುಗಿಯನ್ನು ಕರೆಸಿದ್ದು ಇದಕ್ಕೇ. ಅವಳು ಗೌರಿಬಿದನೂರಿನಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಯಾವ ವಯಸ್ಸಿಗೆ ಯಾವ ಶಬ್ದ ಕೇಳುವುದು ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತು. ಮೊದಲು ತನ್ನ ಅತ್ತೆಯ ಕಿವಿ ನೋಡಿದಳು. ಚೆನ್ನಾಗಿತ್ತು. ಆಮೇಲೆ ನನ್ನದು ನೋಡಿ ನಕ್ಕಳು.

“ಮಾಮ, ನಿಮ್ಮ ಕಿವಿಗೆ ಈ ಪ್ಲೇಯರ್ ದಂಡ. ಅತ್ತೆಗೆ ಮಾತ್ರ ಸರಿ.”

“ಗೊತ್ತಿತ್ತು ಕಣೇ,” ಎಂದು ಹೆಂಡತಿ ಪಿಸುಗುಟ್ಟಿದಳು. “ನಲವತ್ತು ವರ್ಷದಿಂದ ನಾನು ಹೇಳಿದ್ದೊಂದೂ ಅವ್ರಿಗೆ ಕೇಳಿಸಿಲ್ಲ.”

ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಎರಡು ಹಾಡು ಕೇಳಿದಳು. ಮುಖದಲ್ಲಿದ್ದ ನಗು ಹೋಯಿತು. ಪ್ಲೇಯರಿನ ಕಾರ್ಡನ್ನು ತೆಗೆದು ತನ್ನ ಲ್ಯಾಪ್‌ಟಾಪಿಗೆ ಹಾಕಿ, ಹಾಡು ಚಿತ್ರವಾಗಿ ಕಾಣುವಂತೆ ಮಾಡಿದಳು. ತಳದಲ್ಲಿ ಹಳದಿ, ಕೆಂಪು ಎಳೆಗಳು ಅಲೆಯುತ್ತಿದ್ದವು. ಒಂದು ಎತ್ತರಕ್ಕೆ ಬಂದೊಡನೆ ಎಲ್ಲ ಎಳೆಗಳೂ ನೇರ ಗೆರೆಯಲ್ಲಿ ನಿಂತಿದ್ದವು. ಅದರ ಮೇಲೆ ಬರೀ ಕಪ್ಪು. ಕಡ್ಡಿ ಸವರಿದ ಹಿಪ್ಪುನೇರಳೆ ತೋಟ ದೂರದಿಂದ ಹೀಗೇ ಕಾಣುತ್ತದೆ.

“ಮೇಲಿನದೆಲ್ಲ ಕಟ್ ಆಗೈತೆ ಮಾಮ. ಸಕಾರ, ಶಕಾರ, ತಾಳದ ಝಣಝಣ, ಅತ್ತೆ ಉಸಿರೆಳ್ಕೊಳ್ಳೋದು, ಎಲ್ಲಾ ಆ ಕಪ್ಪಲ್ಲೇ ಇರ್ಬೇಕಾಗಿತ್ತು.”

“ಉಸಿರು,” ಎಂದಳು ಹೆಂಡತಿ. “ಅದೇ ಕಣೇ ಬಂದಿಲ್ದಿರೋದು.”

ಒಂದೂವರೆ ವರ್ಷದಿಂದ ನನ್ನ ನೋಟ್‌ಬುಕ್ಕಿನಲ್ಲಿ ‘ಏನೋ’ ಎಂದಿದ್ದಕ್ಕೆ ಹೆಸರು ಸಿಕ್ಕಿತು. ಆದರೆ ನಾನು ಸೋಲೊಪ್ಪಲು ಸಿದ್ಧನಿರಲಿಲ್ಲ. ಹೋದ ತಿಂಗಳಷ್ಟೇ ಕ್ಯಾಸೆಟ್ಟಿಗೊಂದರಂತಿದ್ದ ಹನ್ನೊಂದು ಫೈಲುಗಳನ್ನೂ ಹೆಚ್ಚಿನ ಗುಣಮಟ್ಟಕ್ಕೆ ಬದಲಾಯಿಸಿದ್ದೇನೆ, ಒಂದೊಂದೂ ಹತ್ತು ಪಟ್ಟು ದಪ್ಪವಾಗಿದೆ, ಅವುಗಳಲ್ಲಿ ನೋಡು ಎಂದೆ.

ಅವಳು ನೋಡಿದಳು. ಅದೇ ಗೆರೆ, ಅದೇ ಕಪ್ಪು.

“ಮಸುಕಾದ ಜೆರಾಕ್ಸ್ ಕಾಪೀನ ತಗೊಂಡೋಗಿ ಬಾಂಡ್ ಪೇಪರ್ ಮೇಲೆ ಮತ್ತೆ ಜೆರಾಕ್ಸ್ ಮಾಡ್ಸಿದಂಗೆ ಮಾಮ ಇದು. ಪೇಪರ್ ದಪ್ಪ ಆಗ್ತದೆ. ಅಕ್ಷರ ಬರಲ್ಲ. ನೀವು ಪ್ಲೇಯರ್ ಎಷ್ಟು ಒಳ್ಳೇದು ತಂದ್ರೆ, ಇಲ್ದಿರೋದು ಅಷ್ಟು ಚೆನ್ನಾಗಿ ಗೊತ್ತಾಗ್ತದೆ. ಒರಿಜಿನಲ್ ಕ್ಯಾಸೆಟ್ ಎಲ್ಲವೆ?”

ನಾನು ಮೊದಲಿನಿಂದ ಹೇಳತೊಡಗಿದೆ. ಹೇಳಬೇಕಾದ್ದು ಬಹಳವಿತ್ತು.

ನಿವೃತ್ತಿಯಾದ ವರ್ಷ ನಾನು ಆ ಹನ್ನೊಂದು ಕ್ಯಾಸೆಟ್ಟುಗಳನ್ನು ಚಿಂತಾಮಣಿಯಲ್ಲಿ ಮದುವೆ ವಿಡಿಯೋ ಮಾಡುವ ಒಂದು ಅಂಗಡಿಗೆ ಕೊಂಡೊಯ್ದಿದ್ದೆ. ಅಂಗಡಿಯವನು ಸ್ಪಷ್ಟವಾಗಿ ಕೇಳಿದ್ದ: “ಸಾರ್, ಫುಲ್ ಕ್ವಾಲಿಟಿ ಮಾಡಿದ್ರೆ ಕ್ಯಾಸೆಟ್ಟಿಗೊಂದು ಸೀಡಿ ಆಗ್ತದೆ. ಸಣ್ಣದಾಗಿ ಮಾಡಿದ್ರೆ ಎಲ್ಲಾ ಒಂದ್ರಲ್ಲೇ ಕೂರ್ತವೆ. ಯಾವ್ದು ಮಾಡ್ಲಿ?” ನಾನು ಒಂದೇ ಸೀಡಿ ಎಂದೆ. ಹನ್ನೊಂದು ಜಾಗದಲ್ಲಿ ಇರುವುದಕ್ಕಿಂತ ಒಂದು ಜಾಗದಲ್ಲಿರುವುದು ಅಚ್ಚುಕಟ್ಟು. ಯೋಚಿಸಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ.

ಮಾರುಕಟ್ಟೆಯ ಕಚೇರಿಯಲ್ಲಿ ನಮಗೊಂದು ಕ್ರಮವಿತ್ತು. ಹಳೆಯ ಕಡತದ ಸಾರಾಂಶ ಹೊಸ ಪುಸ್ತಕಕ್ಕೆ ಏರಿತೆಂದರೆ ಮೂಲ ಕಡತವನ್ನು ವಿಲೇವಾರಿ ಮಾಡಬೇಕು. ಮಾಡದವನು ಸೋಮಾರಿ. ಆ ಕೆಲಸದಲ್ಲಿ ನನ್ನ ಕಪಾಟಿನಷ್ಟು ಚೊಕ್ಕವಾದ ಕಪಾಟು ಇನ್ನೊಂದಿರಲಿಲ್ಲ. ಸೀಡಿ ಮನೆಗೆ ಬಂದ ವಾರವೇ ಕ್ಯಾಸೆಟ್ಟುಗಳನ್ನು ವಿಲೇವಾರಿ ಮಾಡಿದೆ. ಕೆಂಚಾರ್ಲಹಳ್ಳಿಯ ನನ್ನ ಭಾವಮೈದುನ, ಅಂದರೆ ಈ ಹುಡುಗಿಯ ತಂದೆ, ಆ ವರ್ಷ ಸೂರ್ಯಕಾಂತಿ ಹಾಕಿದ್ದ. ಗಿಳಿಗಳ ಕಾಟ. ಕ್ಯಾಸೆಟ್ಟಿನ ರೀಲನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರೆ ಗಾಳಿಗೆ ಗುಂಯ್ ಎನ್ನುತ್ತದೆ, ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಇಳಿಯುವುದಿಲ್ಲ. ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದದ್ದೇ. ಹನ್ನೊಂದನ್ನೂ ನಾನೇ ಚೀಲದಲ್ಲಿ ಹಾಕಿ ಕೊಟ್ಟೆ.

ಆಗ ಹೆಂಡತಿಗೆ ದನಿಯಿತ್ತು. ಹೊಲದ ಬದುವಿನಲ್ಲಿ ನಿಂತು ಬಾಯಿ ತುಂಬ ನಕ್ಕಿದ್ದಳು: “ನನ್ನ ಹಾಡು ಕೇಳಿ ಗಿಳೀನೂ ಓಡೋಗ್ತಾವೆ ನೋಡಿ.”

“ಅಯ್ಯೋ ಮಾಮ,” ಎಂದಳು ಹುಡುಗಿ, ನಾನು ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ. “ನಾನು ಅದ್ರ ಕೆಳಗೇ ಓಡಾಡ್ಕೊಂಡು ಆಡ್ತಿದ್ನಲ್ಲ.”

ಹೆಂಡತಿ ಎದ್ದು ಹೋಗಿ ಕುಕ್ಕರ್ ಇಟ್ಟಳು. ಗಂಟೆ ಇನ್ನೂ ಏಳಾಗಿರಲಿಲ್ಲ.

ಒಂದಾದರೂ ಉಳಿದಿರಬಹುದು, ಎಲ್ಲ ರೀಲೂ ಬೇಕಾಗಿರಲಿಕ್ಕಿಲ್ಲ ಎಂದು ಲೆಕ್ಕ ಹಾಕಿದೆ. ಎಂಟೂಕಾಲರ ಬಸ್ಸಿಗೆ ಹೊರಟೆ. ಶಿಡ್ಲಘಟ್ಟ ದಾಟಿ, ಚಿಂತಾಮಣಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಹನ್ನೊಂದಕ್ಕೆ ಕೆಂಚಾರ್ಲಹಳ್ಳಿ. ಭಾವಮೈದುನ ಹುಳುವಿನ ತಟ್ಟೆ ತೊಳೆಯುತ್ತಿದ್ದ.

“ಏಮಿ ಬಾವ, ಹೇಳ್ದೆ ಕೇಳ್ದೆ ಬಂದ್ಬಿಟ್ರಿ. ಅಕ್ಕ ಚೆನ್ನಾಗವ್ಳಾ?”

ವಿಷಯ ಹೇಳಿದೆ. ಅವನು ಕೈ ಒರೆಸಿಕೊಂಡು ಎದ್ದು ನಿಂತ.

“ಒಂದು ರೀಲು ಮಿಕ್ಕಿತ್ತು ಬಾವ. ಸುಳ್ಳು ಹೇಳಲ್ಲ. ಮಾರನೇ ವರ್ಷ ಜೋಳಕ್ಕೆ ಕಟ್ದೆ. ಅಕ್ಕನ ಹಾಡು ಅಂತ ನನಗೆ ಗೊತ್ತಿತ್ತು. ನೀವೇ ಎಲ್ಲಾ ಸೀಡಿಗೆ ಏರ್ಸೀನಿ, ಇವು ಕಸ ಅಂದ್ರಲ್ಲ.”

ಅಂದದ್ದು ನಿಜ. ಅದೇ ಮಾತು, ಅದೇ ಪದ.

ಅಟ್ಟದ ಮೇಲಿನ ಗೋಣಿಚೀಲವನ್ನು ಅವನು ಇಳಿಸಿದ. ಒಳಗೆ ಹೊಲದಿಂದ ಬಿಚ್ಚಿ ತಂದು ಒಂದು ಕಡ್ಡಿಗೆ ಸುತ್ತಿದ ಕಂದು ರೀಲಿನ ಉಂಡೆ, ಮಣ್ಣು ಮೆತ್ತಿದ್ದು, ಗಂಟುಗಂಟಾದದ್ದು. ಜೊತೆಗೆ ಎರಡು ಖಾಲಿ ಕ್ಯಾಸೆಟ್ ಡಬ್ಬ. ಒಂದರ ಮೇಲೆ ನನ್ನ ಕೈಬರಹ ಇನ್ನೂ ಓದುವ ಹಾಗಿತ್ತು: ಸಂಖ್ಯೆ ಏಳು, ಯುಗಾದಿ, ಏಳು ಹಾಡು. ರೀಲಿನ ತುದಿಯನ್ನು ಹಿಡಿದು ಬಿಡಿಸಲು ನೋಡಿದೆ. ಒಂದು ಗೇಣು ಬಂತು. ಅದರ ಮೇಲಿನ ಕಂದು ಪುಡಿ ಅಂಗೈಗೆ ಉದುರಿ, ಬೆರಳಲ್ಲಿ ಬರೀ ಪಾರದರ್ಶಕ ಪಟ್ಟಿ ಉಳಿಯಿತು. ಹಾಡು ಇರುವುದು ಆ ಪುಡಿಯಲ್ಲಿ ಎಂಬುದು ನನಗೆ ಗೊತ್ತಿತ್ತು. ಅಲ್ಲಾಡದೆ ನಿಂತೆ. ಎಲ್ಲಿ ಕೊಡವುವುದು ಎಂದು ತಿಳಿಯಲಿಲ್ಲ.

“ಕೈ ತೊಳ್ಕೊಳ್ರಿ ಬಾವ,” ಎಂದು ಭಾವಮೈದುನ ನೀರು ಹಾಕಿದ.

ಊಟಕ್ಕೆ ನಿಲ್ಲಲಿಲ್ಲ. ಮನೆ ಸೇರಿದಾಗ ನಾಲ್ಕೂವರೆ. ಹುಡುಗಿ ಗೌರಿಬಿದನೂರಿಗೆ ಹೊರಟುಹೋಗಿದ್ದಳು. ಹೆಂಡತಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಕೈ ಖಾಲಿಯಿರುವುದನ್ನು ನೋಡಿದಳು. ನಾನೇ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಮಾರುಕಟ್ಟೆಯಲ್ಲಿ ಯಾರಿಗೂ ಆ ಮಾತು ಹೇಳಿದವನಲ್ಲ.

ಅವಳು ಅವರೆಯ ಸೊಗಡು ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಹೋಗ್ಲಿ ಬಿಡಿ. ನಾಳೆಯಿಂದ ಆರೂವರೆಗೆ ಕುಕ್ಕರ್ ಇಡ್ತೀನಿ.”

“ಪ್ಲೇಯರ್?”

“ನನಗೆ ಬೇಡ. ದಿನಾ ಅದನ್ನೇ ಕೇಳಿ ಕೇಳಿ, ಈಗ ನೆನಪು ಮಾಡ್ಕೊಂಡ್ರೂ ಅದೇ ಬರ್ತದೆ. ಉಸಿರೇ ತಗೊಳ್ದೆ ಹಾಡೋಳು. ಮೊದ್ಲು ಮರ್ತಾದ್ರೂ ಹೋಗ್ತಿತ್ತು.”

ಇದನ್ನು ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಒಂದೂವರೆ ವರ್ಷ ದಿನಕ್ಕೆ ಅರ್ಧ ಗಂಟೆಯಂತೆ, ಅವಳಲ್ಲಿ ಉಳಿದಿದ್ದ ಅಷ್ಟಿಷ್ಟು ನೆನಪಿನ ಮೇಲೆ ನಾನು ಇನ್ನೊಬ್ಬಳ ದನಿಯನ್ನು ಏರಿಸಿದ್ದೆ. ಅವಳ ಪಕ್ಕದಲ್ಲಿ ಕೂತು ಉಳಿದ ಅವರೆಕಾಯಿ ಸುಲಿದೆ.

ದೀಪ ಹಚ್ಚಿದ ಮೇಲೆ ಪ್ಲೇಯರ್ ತೆಗೆದುಕೊಂಡು ಕೂತೆ. ಸೀಡಿಯಿಂದ ಬಂದ ಆ ಸಣ್ಣ ಫೈಲುಗಳನ್ನು ಮುಟ್ಟಲಿಲ್ಲ. ಮುಟ್ಟುವ ಧೈರ್ಯ ಇರಲಿಲ್ಲ. ನಾನು ಹತ್ತು ಪಟ್ಟು ದಪ್ಪ ಮಾಡಿದ್ದ ಪ್ರತಿಗಳನ್ನು ಮಾತ್ರ ಒಂದೊಂದಾಗಿ ಅಳಿಸಿದೆ. ಪ್ರತಿ ಸಲವೂ ಖಚಿತವೇ ಎಂದು ಯಂತ್ರ ಕೇಳಿತು, ಪ್ರತಿ ಸಲವೂ ಹೌದು ಎಂದು ಒತ್ತಿದೆ. ಹನ್ನೊಂದನೆಯದು ಮುಗಿದಾಗ ಏಳು ಗಂಟೆ ಹತ್ತು ನಿಮಿಷ.