ಅಜ್ಜನ ಎಡಗಿವಿ

ನಿಮ್ಮ ಅಜ್ಜನನ್ನು ಯಾರೇ ಮಾತಾಡಿಸಲಿ, ಅವರು ಮೊದಲು ತಲೆಯನ್ನು ಎಡಕ್ಕೆ ಹೊರಳಿಸಿ, ಬಲಗಿವಿಯನ್ನು ಮುಂದೆ ಮಾಡಿ, ಅದರ ಹಿಂದೆ ಅಂಗೈ ಇಟ್ಟುಕೊಳ್ಳುತ್ತಿದ್ದರು. ಲಾರಿಯ ಸ್ಟೇರಿಂಗು ತಿರುಗಿಸಿ ತಿರುಗಿಸಿ ಆ ಅಂಗೈಯ ಚರ್ಮ ಹಲಗೆಯಂತೆ ಗಟ್ಟಿಯಾಗಿತ್ತು. ನೀವು ಚಿಕ್ಕವರಿದ್ದಾಗ ಸಾಲಾಗಿ ನಿಂತು ಅವರ ಹಾಗೇ ಕಿವಿಗೆ ಕೈ ಇಟ್ಟು "ಆಂ? ಏನಂದಿ?" ಎಂದು ಅಣಕಿಸುತ್ತಿದ್ದಿರಿ. ಅವರೂ ನಗುತ್ತಿದ್ದರು.

"ಲಾರಿ ಇಂಜಿನ್ ತಿಂದಾಕ್ತು ಕಣ್ರಲೇ ಈ ಕಿವೀನ. ಡ್ರೈವರ್ ಎಡಕ್ಕೇ ಅಲ್ಲೇನು ಇಂಜಿನ್ ಇರಾದು?"

ನೀವು ನಂಬಿದಿರಿ. ನಿಮ್ಮ ಅಪ್ಪನೂ ನಂಬಿದ. ನಾನು ಒಲೆಯ ಮುಂದೆ ಕುಳಿತು ಕೇಳಿಸಿಕೊಂಡು ಸುಮ್ಮನಿದ್ದೆ. ಇಂಜಿನ್ನಿನ ಮಾತು ಸುಳ್ಳು. ನಿಮ್ಮೆದುರು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲದ್ದರಿಂದ, ನಿಮ್ಮದೇ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಜಗಳೂರಿನ ಕಡೆ ಒಂದು ಹಳ್ಳಿ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೆ, ಅಕ್ಷರ ದುಂಡಗಿತ್ತು. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಬಸವಾಪಟ್ಟಣಕ್ಕೆ ಬಂದೆ. ಅವರು ಚನ್ನಗಿರಿಯ ಒಬ್ಬ ಸಾಹುಕಾರರ ಲಾರಿ ಓಡಿಸುತ್ತಿದ್ದರು. ಅಡಿಕೆ ಚೀಲ ತುಂಬಿಕೊಂಡು ಉತ್ತರದ ಕಡೆಗೆ ಹೋದರೆ ತಿಂಗಳಾಗುತ್ತಿತ್ತು ಬರಲು. ಚಪ್ಪಲಿ ಕಳಚಿ, ಕಾಲು ತೊಳೆದುಕೊಂಡೇ ಲಾರಿ ಹತ್ತುವವರು. ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ ತಕ್ಷಣ ಪಕ್ಕಕ್ಕೆ ಸರಿಯುವರು. "ದಾರಿ ಬಿಟ್ಟೋನು ಯಾವತ್ತೂ ಸಣ್ಣೋನಾಗಲ್ಲ" ಎಂಬುದು ಅವರ ಮಾತು.

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅವ್ವ ನನಗೆ ಹೇಳಿ ಕಳಿಸಿದ್ದಳು. ಅವರದು ದೇವರ ಹೆಸರು. ಆ ದೇವರಿಗೆ ಕೈ ಮುಗಿಯುವಾಗಲೂ ನಾನು "ಸ್ವಾಮೀ" ಎಂದಷ್ಟೇ ಅನ್ನುತ್ತಿದ್ದೆ. ಓಣಿಯಲ್ಲಿ ಅದೇ ಹೆಸರಿನ ಹುಡುಗನೊಬ್ಬನಿದ್ದ. ಅವನನ್ನು "ಇವರ ಹೆಸರಿನೋನೇ, ಬಾರೋ" ಎಂದು ಕರೆಯುತ್ತಿದ್ದೆ.

ನಮ್ಮ ಮೊದಲ ಕೂಸು ಹುಟ್ಟುತ್ತಲೇ ಹೋಯಿತು. ಆಮೇಲೆ ನಾನು ಯಾರೊಂದಿಗೂ ಮಾತಾಡಲಿಲ್ಲ. ಅತ್ತೆ ಹೋಗುವಾಗ ಬರುವಾಗ ಚುಚ್ಚುತ್ತಿದ್ದರು. ಪುಷ್ಯಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ನಿಮ್ಮ ಅಜ್ಜ ನನ್ನ ಸೀರೆಗಳನ್ನು ತಾವೇ ಗಂಟು ಕಟ್ಟಿ, "ಏಳು, ಲಾರಿ ಹತ್ತು" ಎಂದರು.

ಅತ್ತೆ ಬಾಗಿಲಿಗೇ ಅಡ್ಡ ನಿಂತರು. "ಲಾರ್ಯಾಗೆ ಹೆಂಗಸ್ರು ಹೋಗ್ತಾರೇನಲೇ? ಊರು ನಗತೈತೆ!"

"ನಗಲಿ ಬಿಡವ್ವಾ. ನೂರು ಚೀಲ ಅಡಿಕೆಗೆ ಜಾಗ ಐತೆ, ಒಬ್ಬ ಹೆಂಡ್ತಿಗೆ ಇಲ್ಲೇನು?"

ಜೊತೆಗೆ ಬರುತ್ತಿದ್ದ ಇನ್ನೊಬ್ಬ ಡ್ರೈವರಿಗೆ ರಜೆ ಕೊಟ್ಟು ನನ್ನನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿದರು. ಕಂಬಳಿ ಹೊದಿಸಿದರು. ಊರು ಬಿಟ್ಟು ಆರನೆಯ ದಿನವೋ ಏಳನೆಯ ದಿನವೋ ಮರಗಳು ಮುಗಿದುಹೋದವು. ಮರಳು, ಮುಳ್ಳುಕಂಟಿ, ಆಮೇಲೆ ಬರೀ ಮಣ್ಣಿನ ಕೊರಕಲುಗಳು. ಬಿಸಿ ಮುದ್ದೆಯನ್ನು ಬೆರಳಿನಿಂದ ಬಗೆದು ಹಾಗೇ ಒಣಗಲು ಬಿಟ್ಟಂತೆ ನೆಲವೆಲ್ಲ ಆಳಾಳವಾಗಿ ಸೀಳಿತ್ತು. ನಮ್ಮ ಜಗಳೂರಿನ ಬಯಲನ್ನೇ ಒಣನೆಲ ಅಂದುಕೊಂಡಿದ್ದವಳು ನಾನು.

ಅವರು ಲಾರಿ ನಿಲ್ಲಿಸಿ, ಕೈ ಹಿಡಿದು ಅಂಚಿಗೆ ಕರೆದುಕೊಂಡು ಹೋದರು. "ನೋಡಿದೇನು? ಇಲ್ಲಿ ಒಂದು ಬಿಂದಿಗಿ ನೀರಿಲ್ಲ. ಆದ್ರೆ ಇದನ್ನೆಲ್ಲಾ ಕೊರದಿದ್ದು ನೀರೇ." ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಹೆಸರನ್ನು ಜೋರಾಗಿ ಕೂಗಿದರು. ಕೊರಕಲಿನಿಂದ ನನ್ನ ಹೆಸರು ಮೂರು ಸಲ ತಿರುಗಿ ಬಂತು. ಕೂಸು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

"ಈಗ ನೀನು ನನ್ನ ಹೆಸರು ಕೂಗು. ಇಲ್ಲಿ ಕೇಳಾಕೆ ನಿಮ್ಮವ್ವ ಇಲ್ಲ, ನಮ್ಮವ್ವಾನೂ ಇಲ್ಲ."

"ಥೂ, ಬಿಡ್ತು ಅನ್ನಿ" ಎಂದು ಸೆರಗು ಬಾಯಿಗೆ ಒತ್ತಿಕೊಂಡೆ. ಅವರು ಒತ್ತಾಯಿಸಲಿಲ್ಲ.

ಮರುದಿನ ಬೆಳಿಗ್ಗೆ ಆ ಕೊರಕಲುಗಳ ಕೊನೆಯಲ್ಲಿ ಒಂದು ತಪಾಸಣೆಯ ಗೇಟಿನಲ್ಲಿ ಕಾವಲಿನವರು ಲಾರಿ ತಡೆದರು. ಆ ಕಡೆ ಹೆಣ್ಣುಮಕ್ಕಳನ್ನು ಕದ್ದು ಲಾರಿಯಲ್ಲಿ ಸಾಗಿಸುವವರಿದ್ದರಂತೆ. ನಾನು ಯಾರೆಂದು ಕೇಳಿದ್ದರಲ್ಲಿ ಅವರ ತಪ್ಪಿರಲಿಲ್ಲ. ಇವರು 'ನನ್ನ ಹೆಂಡತಿ' ಎಂದರು. ಅದನ್ನು ತೋರಿಸಲು ಕಾಗದವೇನಿತ್ತು ನಮ್ಮ ಬಳಿ? ಇವರನ್ನು ಬೇರೆ ನಿಲ್ಲಿಸಿ, ನನ್ನ ಹತ್ತಿರ ಬಂದು, ಇವರ ಕಡೆ ಬೆರಳು ತೋರಿಸಿ "ನಾಮ್? ನಾಮ್?" ಎಂದರು. ಹೆಸರು ಕೇಳುತ್ತಿದ್ದಾರೆಂದು ತಿಳಿಯಿತು. ತಲೆ ತಗ್ಗಿಸಿದೆ.

"ಹೇಳೇ, ಏನಾಗಲ್ಲ" ಎಂದು ಅವರು ಅಲ್ಲಿಂದ ಕೂಗಿದರು. ನಾನು ಬಾಯಿ ತೆರೆಯಲಿಲ್ಲ. "ಬಾಯಾಗೆ ಹೇಳಾಕೆ ಆಗದಿದ್ರೆ ಬರಿಯೇ. ಇಸ್ಕೂಲಿಗೆ ಹೋದೋಳಲ್ಲೇನು ನೀನು?"

ಅವರ ಲೈಸೆನ್ಸಿನ ಮೇಲೆ ಕನ್ನಡದ ಸಹಿ ಇತ್ತು. ಕಾವಲಿನವರಲ್ಲಿ ವಯಸ್ಸಾದವನೊಬ್ಬ ನನಗೆ ಪೆನ್ಸಿಲು, ಕಾಗದ ಕೊಟ್ಟ. ನಾನು ಬರೆದದ್ದನ್ನೂ ಆ ಸಹಿಯನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ಮುಗಿಯಿತು. ಮೂರೇ ಅಕ್ಷರ. ಪೆನ್ಸಿಲು ಹಿಡಿದೆ, ಬರೆಯಲಿಲ್ಲ.

ಹೆದರಿಕೆ, ನಾಚಿಕೆ, ಆಯಸ್ಸಿನ ಮಾತು ಎಲ್ಲ ಇದ್ದವು. ಆದರೆ ನಿಜ ಹೇಳುತ್ತೇನೆ ಮಕ್ಕಳೇ, ಒಂದು ಹಿಡಿ ಜಂಬವೂ ಇತ್ತು. 'ಕಾವಲಿನವರು ಕೇಳಿದರೂ ನನ್ನ ಹೆಂಡತಿ ಹೆಸರು ಹೇಳಲಿಲ್ಲ' ಎಂದು ಇವರು ಊರಲ್ಲಿ ಹೊಗಳಿಕೊಳ್ಳುತ್ತಾರೆ ಅಂದುಕೊಂಡೆ. ಕೂಸನ್ನು ಉಳಿಸಿಕೊಳ್ಳಲಾಗದವಳು ಇದೊಂದನ್ನಾದರೂ ಉಳಿಸಿಕೊಂಡೆ ಎಂದು ಅತ್ತೆಗೆ ತೋರಿಸಬೇಕೆನಿಸಿತ್ತು.

ಕಾವಲಿನವರು ಇವರ ಸ್ವೆಟರು, ಮಫ್ಲರು ತೆಗೆಸಿ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂರಿಸಿದರು. ಗಾಳಿ ಚಾಕುವಿನಂತೆ ಬೀಸುತ್ತಿತ್ತು. ಹೊತ್ತು ಏರುತ್ತಾ ಹೋಯಿತು. ಅವರು ನಡುಗುತ್ತಾ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಆಗಲೂ ನನ್ನ ಕೈಯಲ್ಲಿ ಪೆನ್ಸಿಲು ಇತ್ತು. ಕಾವಲಿನವರಲ್ಲಿ ಒಬ್ಬನಿಗೆ ತಾಳ್ಮೆ ಮೀರಿ ಅವರ ಎಡಗೆನ್ನೆಗೆ ಕಿವಿ ಸೇರಿ ಹೊಡೆದ. ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

"ರೀ!" ಎಂದು ಚೀರಿ ಓಡಿದೆ. ಕಂಬಳಿಯನ್ನು ಅವರ ಮೇಲೆ ಹೊದಿಸಿ ನಾನೂ ಮೇಲೆ ಬಿದ್ದೆ. ವಯಸ್ಸಾದವನು ಏನೋ ಹೇಳಿ ಗೇಟು ಎತ್ತಿಸಿದ. 'ಹೆಂಡತಿಯೇ ಹೌದು, ಬಿಡಿ' ಅಂದನಂತೆ. ಒಂದು ಏಟು ಬೀಳುವವರೆಗೂ ನನ್ನ ಬಾಯಿ ಏಳಲಿಲ್ಲ ನೋಡಿ.

ಲಾರಿ ಹೊರಟ ಮೇಲೆ, ಎಡಗಡೆ ಕುಳಿತವಳು, "ತಪ್ಪಾತು ರೀ" ಎಂದೆ. ಅವರು ರಸ್ತೆ ನೋಡುತ್ತಲೇ ಇದ್ದರು. ಸ್ವಲ್ಪ ದೂರ ಹೋದ ಮೇಲೆ ಮಂಡಕ್ಕಿಯ ಪೊಟ್ಟಣ ನನ್ನ ಕಡೆ ಚಾಚಿದರು, ಮಾತಾಡಲಿಲ್ಲ. ಕೋಪ ಬಂದಿದೆ ಎಂದುಕೊಂಡು, ಮತ್ತೆ ಹೇಳಲು ಹೆದರಿ ಸುಮ್ಮನಾದೆ.

ಊರಿಗೆ ಬಂದ ಮೇಲೂ ನೋವು ನಿಲ್ಲದೆ ಹೊನ್ನಾಳಿಯ ಡಾಕ್ಟರಿಗೆ ತೋರಿಸಿದೆವು. "ಕಿವಿಯ ತಮಟೆ ಹರಿದಿದೆ. ಏಟು ಬಿದ್ದ ದಿನದಿಂದಲೇ ಈ ಕಡೆ ಕೇಳಿಸಿರಲಿಕ್ಕಿಲ್ಲ" ಎಂದರು ಡಾಕ್ಟರು. ಲಾರಿಯಲ್ಲಿ ನಾನು ಹೇಳಿದ 'ತಪ್ಪಾತು' ಅವರನ್ನು ಮುಟ್ಟಿಯೇ ಇರಲಿಲ್ಲ.

ಹೊರಗೆ ಬಂದು ಅವರೇ ಹೇಳಿದರು: "ಅವ್ವನ ಮುಂದೆ ಬಾಯಿ ಬಿಡಬ್ಯಾಡ. ಕೂಸು ತಿಂದೋಳು ಗಂಡನ ಕಿವೀನೂ ತಿಂದ್ಲು ಅಂತಾಳೆ. ಇಂಜಿನ್ ಸದ್ದಿಗೆ ಹೋತು ಅಂತೀನಿ."

ಹಿಂದಿನ ಗಾಡಿಯ ಹಾರ್ನ್ ಸರಿಯಾಗಿ ಕೇಳಿಸದವನನ್ನು ದೂರದ ದಾರಿಗೆ ಹೇಗೆ ಕಳಿಸುವುದು ಎಂದು ಸಾಹುಕಾರರು ಅವರನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ನಡುವೆ ಗೊಬ್ಬರ ಸಾಗಿಸಲು ಹಾಕಿದರು. ದಾರಿ ಬಿಡುವುದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದವರಿಗೆ ಹಿಂದೆ ಬಂದವರು ಕಿಟಕಿಯಿಂದ ತಲೆ ಹಾಕಿ "ಏನೋ ಕಿವುಡಾ!" ಎಂದು ಬೈದುಕೊಂಡು ಹೋಗುವಂತಾಯಿತು. ಮನೆಗೆ ಬಂದು ಅದನ್ನೂ ನಗುತ್ತಲೇ ಹೇಳುತ್ತಿದ್ದರು. ನಿಮ್ಮ ಅಪ್ಪ ಹುಟ್ಟಿದ, ಬೆಳೆದ, ಅತ್ತೆ ತೀರಿಕೊಂಡರು. ಆಮೇಲಾದರೂ ಹೇಳಬಹುದಿತ್ತು. ಇಷ್ಟು ವರ್ಷವಾದ ಮೇಲೆ ಯಾಕೆ ಎಂದು ನಾನು ಮುಂದೂಡುತ್ತಲೇ ಬಂದೆ.

ಅವರು ಹಾಸಿಗೆ ಹಿಡಿದ ಕೊನೆಯ ವಾರ, ನೀವೆಲ್ಲ ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ, ನಾನು ಮಂಚದ ಬಲಗಡೆಗೆ ಹೋಗಿ ಕುಳಿತೆ. ಬಗ್ಗಿ ಆ ಒಳ್ಳೆಯ ಕಿವಿಯಲ್ಲಿ, "ಆವತ್ತು ಗೇಟಿನ ಹತ್ರ ನಂದು ತಪ್ಪಾತು ರೀ" ಎಂದೆ.

ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ತುಟಿಯ ಅಂಚಿನಲ್ಲಿ ನಗು ಕಂಡಿತು. "ಏನೂ ಕೇಳ್ಸವಲ್ದು ಕಣೇ. ಇಂಜಿನ್ ಸದ್ದು."

ಮೂರನೆಯ ದಿನ ಹೋದರು.

ಇನ್ನು ಅವರ ಆಯಸ್ಸಿನಲ್ಲಿ ಕಡಿಮೆಯಾಗಲು ಏನೂ ಉಳಿದಿಲ್ಲ. ಆದರೂ ಆ ಹೆಸರು ಬರೆಯಲು ನಾಲ್ಕು ದಿನ ನನ್ನ ಕೈ ಏಳಲಿಲ್ಲ. ನಿನ್ನೆ ಈ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ, ತಿರುವಿ ನೋಡಿ. ಅಕ್ಷರ ಈಗ ದುಂಡಗಿಲ್ಲ. ಮೂರೇ ಅಕ್ಷರ.