ಎರಡು ಡಿಸ್ಕು, ಒಂದು ಹೇಳಿಕೆ

ನನ್ನ ಮದುವೆಗೆ ಚಿಕ್ಕಪ್ಪ ಬರುತ್ತಾರೋ ಇಲ್ಲವೋ ಎಂಬುದು ತೀರ್ಮಾನವಾದದ್ದು ಒಂದು ಟಿ.ವಿ.ಯ ಮುಂದೆ. ಹೇಳಿದರೆ ಜನ ನಗುತ್ತಾರೆ. ನಗಲಿ. ಆವತ್ತು ಆ ಟಿ.ವಿ.ಯ ಹಿಂದೆ ಧೂಳು ತಿನ್ನುತ್ತ ಕೂತವಳು ನಾನು, ನಗುವ ಹಕ್ಕು ಮೊದಲು ನನಗೇ ಇದೆ.

ಮುಂಬಯಿಯ ಹೊರವಲಯದ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನಮ್ಮದೊಂದು ಸಣ್ಣ ಹೋಟೆಲಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಅಪ್ಪ, ಅಡುಗೆಮನೆಯಲ್ಲಿ ಚಿಕ್ಕಪ್ಪ. ಇಬ್ಬರ ಸಂಸಾರವೂ ಒಂದೇ ಫ್ಲ್ಯಾಟಿನಲ್ಲಿ. ಉಡುಪಿಯಿಂದ ಬಂದ ಈ ಅಣ್ಣತಮ್ಮಂದಿರಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ, ಸಿನಿಮಾದ ಹುಚ್ಚು ಮಾತ್ರ ತಲೆಗೇರಿತ್ತು. ಅದೂ ಕಥೆಯ ಹುಚ್ಚಲ್ಲ, ಚಿತ್ರ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದರ ಹುಚ್ಚು. ಹೋಟೆಲಿಗೆ ರಜೆಯಿದ್ದ ದಿನ ಬಾಡಿಗೆಗೆ ವಿ.ಸಿ.ಆರ್. ತಂದು, ಮರದ ಎಲೆ ಎಲೆಯ ಹಾಗೆ ಕಾಣುತ್ತದೋ ಹಸಿರು ಹಿಟ್ಟಿನ ಹಾಗೋ ಎಂದು ಚರ್ಚೆ ಮಾಡುತ್ತಿದ್ದರು. ವಿ.ಸಿ.ಡಿ. ಬಂದಾಗ ಇಬ್ಬರೂ ಸೇರಿ ತಂದರು. ಡಿವಿಡಿ ಬಂದಾಗಲೂ ಸೇರಿಯೇ ತಂದರು. ನಾಯಕಿ ಸಾಯುವ ದೃಶ್ಯದಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರೆ ಅಪ್ಪ, “ಅವಳ ಮೂಗುತಿಯ ಹರಳು ನೋಡು ಮಾರಾಯ್ತಿ, ಎಷ್ಟು ಕ್ಲಿಯರ್!” ಎನ್ನುತ್ತಿದ್ದರು. ಚಿಕ್ಕಪ್ಪ ನೆಲದಲ್ಲಿ ಕೂತು ತಲೆಯಾಡಿಸುತ್ತಿದ್ದರು. ಅಣ್ಣ ಸೋಫಾದಲ್ಲಿ, ತಮ್ಮ ನೆಲದಲ್ಲಿ. ಯಾರೂ ಹೇಳಿ ಮಾಡಿಸಿದ್ದಲ್ಲ, ನಮ್ಮ ಮನೆಯ ರೀತಿಯೇ ಹಾಗಿತ್ತು.

ಆ ರೀತಿಯೇ ಕೊನೆಗೆ ಮನೆ ಒಡೆಯಿತು. ನಮ್ಮಲ್ಲಿ ತಮ್ಮನಾದವನು ಅಣ್ಣನ ಮುಖದೆದುರು ‘ಇಲ್ಲ’ ಎನ್ನುವಂತಿಲ್ಲ. ಚಿಕ್ಕಪ್ಪನಿಗೆ ನವಿ ಮುಂಬಯಿಯ ಒಂದು ಆಫೀಸಿನ ಕ್ಯಾಂಟೀನು ನಡೆಸುವ ಅವಕಾಶ ಬಂತು. ಅಣ್ಣನಿಗೆ ಹೇಗೆ ಹೇಳುವುದು? ಹೇಳಲೇ ಇಲ್ಲ. ಅಪ್ಪ ನಾಲ್ಕು ದಿನದ ಮಟ್ಟಿಗೆ ಊರಿಗೆ ಹೋಗಿದ್ದಾಗ ಟೆಂಪೋ ತರಿಸಿ, ಹೆಂಡತಿ ಮಗಳ ಜೊತೆ ನೆರೂಳಿಗೆ ಹೋದರು. ಅಪ್ಪ ಬಂದು ನೋಡುತ್ತಾರೆ, ಒಳಕೋಣೆ ಖಾಲಿ. ಮಂಚ ಇದ್ದ ಕಡೆ ನೆಲದಲ್ಲಿ ನಾಲ್ಕು ಗುರುತು. ಅವರು ಕೂಗಾಡಿದ್ದರೆ ಆಗಿಹೋಗುತ್ತಿತ್ತು. ಕೂಗಾಡಲಿಲ್ಲ, ಮಾತು ಬಿಟ್ಟರು.

ಎರಡು ವರ್ಷ. ಸಮಾರಂಭಗಳಲ್ಲಿ ಎದುರಾದರೆ ನಡುವೆ ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದರು. “ಅವನಿಗೆ ಹೇಳು, ಬೀಪಿಯ ಮಾತ್ರೆ ತಪ್ಪಿಸಬಾರದು ಅಂತ.” “ಅಣ್ಣನಿಗೆ ಹೇಳು, ತಪ್ಪಿಸ್ತಾ ಇಲ್ಲ ಅಂತ.” ಇಬ್ಬರೂ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ, ನಾನು ನಡುವೆ ಪೋಸ್ಟ್‌ಮ್ಯಾನ್. ಇಪ್ಪತ್ತೈದು ದಾಟಿದ, ಠಾಣೆಯ ಆಫೀಸಿನಲ್ಲಿ ಹತ್ತು ಜನರ ಕೆಲಸ ನೋಡಿಕೊಳ್ಳುತ್ತಿದ್ದ ನನಗೆ ಈ ಕೆಲಸ! ಮೈ ಉರಿಯುತ್ತಿತ್ತು.

ಅಷ್ಟರಲ್ಲಿ ಕಲ್ಯಾಣಿನ ಹುಡುಗನ ಜೊತೆ ನನ್ನ ಮದುವೆ ಗೊತ್ತಾಯಿತು. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ. ನಮ್ಮ ಕಡೆ ಮದುವೆಗೆ ಕಾಗದ ಕಳಿಸಿದರೆ ಸಾಲದು. ಮನೆಯ ಹಿರಿಯರು ಎದುರು ನಿಂತು ಬಾಯಿಬಿಟ್ಟು ‘ಬರಬೇಕು’ ಎನ್ನಬೇಕು. ಅದಕ್ಕೆ ಹೇಳಿಕೆ ಎನ್ನುತ್ತೇವೆ. ಹೇಳಿಕೆಯಿಲ್ಲದ ಊಟಕ್ಕೆ ಹೋಗುವುದಕ್ಕಿಂತ ಮನೆಯಲ್ಲಿ ಗಂಜಿ ಕುಡಿಯುವುದು ಮೇಲು ಎನ್ನುವ ಜನ ನಾವು. ನಾನೇ ನೆರೂಳಿಗೆ ಹೋಗಿ ಕರೆದೆ. ಚಿಕ್ಕಪ್ಪ ನನ್ನ ತಲೆ ಸವರಿ, “ನಿನ್ನನ್ನು ಎತ್ತಿ ಆಡಿಸಿದವ ನಾನು. ಆದ್ರೆ ಅಣ್ಣ ಒಂದು ಮಾತು ಹೇಳ್ಬೇಕು ಮಗಾ. ಕರೆಯದೆ ಹೇಗೆ ಬರುವುದು?” ಎಂದರು. ಮನೆಗೆ ಬಂದು ಅಪ್ಪನಿಗೆ ಹೇಳಿದರೆ, “ಮನೆಯವನಿಗೆ ಎಂತ ಹೇಳಿಕೆ? ಹೇಳಿಕೆ ಬೇಕು ಅಂದ್ರೆ ಅವ ಹೊರಗಿನವ ಅಂತ ಆಯ್ತು!” ಇಬ್ಬರದೂ ಸರಿಯೇ. ಅದೇ ನನ್ನ ಸಂಕಟ. ಚಿಕ್ಕಪ್ಪನಿಲ್ಲದೆ ಧಾರೆಗೆ ಕೂರಲಾರೆ ಎಂದು ಅಮ್ಮನೆದುರು ಒಂದು ಸಂಜೆ ಅತ್ತೂಬಿಟ್ಟೆ.

ಇದರ ನಡುವೆಯೇ ಡಿಸ್ಕಿನ ಯುದ್ಧ. ಎರಡು ಸಾವಿರದ ಏಳರ ಕೊನೆಯ ದಿನಗಳು. ಹಳೆಯ ಡಿವಿಡಿಗಿಂತ ಎಷ್ಟೋ ಪಟ್ಟು ಸ್ಪಷ್ಟ ಎಂದು ಎರಡು ಹೊಸ ಡಿಸ್ಕುಗಳು ಪೈಪೋಟಿಗೆ ಬಿದ್ದಿದ್ದವು. ಒಂದು ಎಚ್.ಡಿ. ಡಿವಿಡಿ, ಇನ್ನೊಂದು ಬ್ಲೂ-ರೇ. ಒಂದರ ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಅಪ್ಪ ದುಬೈಯಿಂದ ಬರುತ್ತಿದ್ದ ಗೆಳೆಯರ ಕೈಲಿ ಎಚ್.ಡಿ. ಡಿವಿಡಿ ಪ್ಲೇಯರ್ ತರಿಸಿದರು. ಸುದ್ದಿ ನೆರೂಳಿಗೆ ಮುಟ್ಟಿ ತಿಂಗಳಾಗಿಲ್ಲ, ಚಿಕ್ಕಪ್ಪ ಮಗಳಿಗೆಂದು ವಿಡಿಯೋ ಗೇಮಿನ ಒಂದು ಪೆಟ್ಟಿಗೆ ತಂದರು. ಅದರಲ್ಲಿ ಬ್ಲೂ-ರೇ ಓಡುತ್ತಿತ್ತು. ಮಗಳಿಗಂತೆ! ಅವಳ ಕೈಗೆ ಅದು ಸಿಕ್ಕಿದ್ದನ್ನು ನಾನು ಕಂಡಿಲ್ಲ. “ಮಕ್ಕಳ ಆಟದ ಪೆಟ್ಟಿಗೆಯಲ್ಲಿ ಸಿನಿಮಾ ನೋಡುವವ” ಎಂದು ಅಪ್ಪ ಗೋಡೆಗೆ ಹೇಳಿದರು.

ಇವರಿಬ್ಬರನ್ನು ಒಂದೇ ಕೋಣೆಗೆ ತರುವ ದಾರಿ ಹೊಳೆದದ್ದು ಅತ್ತೆಗೆ, ಅಂದರೆ ಇವರ ಅಕ್ಕನಿಗೆ. ಠಾಣೆಯ ಘೋಡಬಂದರ್ ರಸ್ತೆಯ ಹೊಸ ಕಟ್ಟಡದಲ್ಲಿ ಅತ್ತೆಯ ಮನೆ, ಹಾಲಿನಲ್ಲಿ ಗೋಡೆಯಷ್ಟಗಲದ ಟಿ.ವಿ. ಇಬ್ಬರಿಗೂ ಬೇರೆಬೇರೆಯಾಗಿ ಫೋನು ಮಾಡಿದರು. “ಭಾನುವಾರ ನಿನ್ನ ಪೆಟ್ಟಿಗೆ ತಕೊಂಡು ಬಾ. ಎರಡನ್ನೂ ನನ್ನ ಟಿ.ವಿ.ಗೆ ಹಾಕಿ ನೋಡುವ. ಯಾರದ್ದು ಚಂದ ಅಂತ ಒಮ್ಮೆ ಗೊತ್ತಾಗಿ ಹೋಗ್ಲಿ.” ಅಕ್ಕನ ಮಾತಿಗೆ ಇಲ್ಲ ಎನ್ನುವ ಹಾಗಿಲ್ಲ. ಸೋಲುತ್ತೇನೆ ಎಂಬ ಅನುಮಾನ ಇಬ್ಬರಿಗೂ ಇರಲಿಲ್ಲ.

ಅಪ್ಪ ಪ್ಲೇಯರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಲೋಕಲ್ಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು, ಜೊತೆಗೆ ಅಮ್ಮ, ನಾನು. ಚಿಕ್ಕಪ್ಪನ ಸಂಸಾರ ನೆರೂಳಿನಿಂದ ಬಂತು. ಪರೀಕ್ಷೆಗೆ ಎರಡು ಬಗೆಯ ಡಿಸ್ಕಿನಲ್ಲೂ ಒಂದೇ ಸಿನಿಮಾ ಬೇಕಲ್ಲ? ಚೀಲ ಬಿಚ್ಚಿ ನೋಡಿದರೆ ಇಬ್ಬರೂ ಅದೇ ಇಂಗ್ಲಿಷ್ ಸಿನಿಮಾ ಕೊಂಡಿದ್ದರು! ಮಾತು ಬಿಟ್ಟಿದ್ದರೂ ರುಚಿ ಬಿಟ್ಟಿರಲಿಲ್ಲ.

ಟಿ.ವಿ.ಯ ಹಿಂದೆ ಇಂಥ ಪ್ಲೇಯರಿನ ವೈರು ಸಿಕ್ಕಿಸಲು ಇದ್ದದ್ದು ಒಂದೇ ತೂತು. ಬಡಗಿ ಆ ಟಿ.ವಿ.ಯನ್ನು ಶೋಕೇಸಿನೊಳಗೆ ಎಷ್ಟು ಬಿಗಿಯಾಗಿ ಕೂರಿಸಿದ್ದನೆಂದರೆ ತೆಳ್ಳಗಿನವರು ಅಡ್ಡಡ್ಡ ಹೊಕ್ಕರೆ ಮಾತ್ರ ಕೈ ಹೋಗುತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಮದುಮಗಳು ಹೊಕ್ಕೆ. ಎರಡೂ ವೈರು ಕಪ್ಪು, ಹಾಗಾಗಿ ಅಪ್ಪನದಕ್ಕೆ ಹಾಲಿನ ಪ್ಯಾಕೆಟ್ಟಿನ ಕೆಂಪು ರಬ್ಬರ್‌ಬ್ಯಾಂಡು ಸುತ್ತಿದ್ದೆ. ಗುಹೆಯಲ್ಲಿ ಬೆಂಕಿಯ ಮುಂದೆ ಕೂತ ಒಬ್ಬ ಮುದುಕನ ಮುಖ ಬಂದಾಗ ಎರಡು ಪ್ಲೇಯರನ್ನೂ ನಿಲ್ಲಿಸಿಟ್ಟರು. ಅರ್ಧ ಮುಖ ಬೆಳಕು, ಅರ್ಧ ಕತ್ತಲೆ. ನಾನು ಒಂದು ವೈರು ಕಿತ್ತು ಇನ್ನೊಂದು ಸಿಕ್ಕಿಸಬೇಕು, ಯಾರದ್ದೆಂದು ಕೂಗಬೇಕು.

ಮೊದಲ ಸುತ್ತಿನಲ್ಲಿ ನಾನೂ ಕತ್ತು ಹೊರಳಿಸಿ ನೋಡಿದೆ. “ನನಗೆ ಎರಡೂ ಒಂದೇ ಕಾಣ್ತದಪ್ಪ” ಎಂದೆ. “ನಿನಗೆಂತ ಗೊತ್ತು!” ಎಂದು ಇಬ್ಬರೂ ಒಂದೇ ಉಸಿರಿಗೆ ಗದರಿದರು. ಚಿಕ್ಕಪ್ಪನ ಮಗಳೂ ಅದನ್ನೇ ಹಿಂದಿಯಲ್ಲಿ, “ಪಪ್ಪಾ, ಕುಛ್ ಫರಕ್ ನಹೀಂ ಹೈ” ಎಂದಳು. ಅವಳನ್ನು ಬಾಲ್ಕನಿಗೆ ಓಡಿಸಿದರು.

“ಅಣ್ಣನಿಗೆ ಹೇಳು,” ಚಿಕ್ಕಪ್ಪ ಶುರುಮಾಡಿದರು, “ಅವನದ್ದರಲ್ಲಿ ಕುತ್ತಿಗೆಯ ಹತ್ತಿರ ಕಪ್ಪು ಎಲ್ಲ ಕಲಸಿ ಹೋಗಿದೆ ಅಂತ.”

“ಅವನಿಗೆ ಹೇಳು, ಅದು ಕಲಸಿದ್ದಲ್ಲ, ನೆರಳು. ಆಟದ ಪೆಟ್ಟಿಗೆಯಲ್ಲಿ ನೆರಳೂ ಬೆಳ್ಳಗೆ ಕಾಣ್ತದೆ ಅಂತ.”

“ಹೇಳು, ಅಕ್ಕಿಯಲ್ಲಿ ಕಲ್ಲು ಹುಡುಕಿದ ಕಣ್ಣು ನನ್ನದು ಅಂತ.”

ಟಿ.ವಿ.ಯ ಹಿಂದೆ, ಜೇಡರ ಬಲೆಯೊಳಗೆ ತಲೆಯಿಟ್ಟುಕೊಂಡು ನಾನು ಯಾರಿಗೆ ಏನು ಹೇಳಲಿ? “ನೀವೇ ಹೇಳ್ಕೊಳ್ಳಿ!” ಎಂದು ಕಿರುಚಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮತ್ತೆ ಬದಲಾಯಿಸು, ಮತ್ತೆ ಬದಲಾಯಿಸು. ನಾಲ್ಕನೆಯದೋ ಐದನೆಯದೋ ಸಲ ವೈರು ಕಿತ್ತು, ಸಿಕ್ಕಿಸಿ, “ಇದು ಅಪ್ಪಂದು” ಎಂದು ಕೂಗಿದೆ.

“ಹಾ! ನೋಡು! ಗಡ್ಡದ ಒಂದೊಂದು ಕೂದಲು ಎಣಿಸಬಹುದು!” ಅಪ್ಪ ಸೋಫಾದಿಂದ ಎದ್ದೇಬಿಟ್ಟರು.

“ಥತ್, ಮಂಜು ಕವಿದ ಹಾಗೆ ಉಂಟು. ಈಗಷ್ಟೇ ನೋಡಿದ ನನ್ನದಕ್ಕೂ ಇದಕ್ಕೂ ಅಜಗಜಾಂತರ” ಎಂದರು ಚಿಕ್ಕಪ್ಪ.

ನಾನು ಕೈ ನೋಡಿಕೊಂಡೆ. ಕೆಂಪು ರಬ್ಬರ್‌ಬ್ಯಾಂಡಿನ ವೈರು ನನ್ನ ಎಡಗೈಯಲ್ಲೇ ಇತ್ತು. ಅಯ್ಯೋ ದೇವರೇ! ಕತ್ತಲೆಯಲ್ಲಿ ಕಿತ್ತ ವೈರನ್ನೇ ತಿರುಗಿ ಸಿಕ್ಕಿಸಿದ್ದೆ. ಅಪ್ಪ ಹೊಗಳುತ್ತಿದ್ದದ್ದು ತಮ್ಮನ ಬ್ಲೂ-ರೇಯನ್ನು. ಚಿಕ್ಕಪ್ಪ ಥತ್ ಎಂದದ್ದು ತನ್ನದಕ್ಕೇ. ಒಂದೇ ಮುದುಕ, ಒಂದೇ ಗಡ್ಡ, ಅದರಲ್ಲಿ ಇಬ್ಬರೂ ಅಜಗಜಾಂತರ ಕಾಣುತ್ತಿದ್ದರು.

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಪ್ಪ ಕಿಸಕ್ಕನೆ ನಕ್ಕರು. ಆ ನಗುವಿಗೆ ಅಪ್ಪನ ಪಿತ್ತ ನೆತ್ತಿಗೇರಿತು. ಕನ್ನಡ ಮರೆತುಹೋಯಿತು, ನಡುವೆ ನಾನಿರುವುದೂ ಮರೆತುಹೋಯಿತು. ತಮ್ಮನ ಮುಖಕ್ಕೇ ತಿರುಗಿ ತುಳುವಿನಲ್ಲಿ ಗುಡುಗಿದರು. “ನಿಕ್ಕ್ ಕಣ್ಣ್ ತೋಜುಜಾ?” ನಿನಗೆ ಕಣ್ಣು ಕಾಣುವುದಿಲ್ಲವಾ ಎಂದು.

ಎರಡು ವರ್ಷದಲ್ಲಿ ನೇರವಾಗಿ ಆಡಿದ ಮೊದಲ ಮಾತು ಅದು. ಅಡುಗೆಮನೆಯಿಂದ ಅತ್ತೆ, ಅಮ್ಮ, ಚಿಕ್ಕಮ್ಮ ಮೂವರೂ ಇಣುಕಿದರು.

“ಕಾಣ್ತದೆ ಅಣ್ಣ,” ಚಿಕ್ಕಪ್ಪನ ಸ್ವರ ಸಣ್ಣದಾಗಿತ್ತು, “ಎಲ್ಲ ಕಾಣ್ತದೆ.”

“ಕಾಣುವವ ನನಗೆ ಹೇಳದೆ ಯಾಕೆ ಹೋದೆ?”

“ಹೇಳಿದ್ರೆ ನೀನು ಬಿಡ್ತಿದ್ದೆಯಾ?”

“ಬಿಡ್ತಿರ್ಲಿಲ್ಲ!”

“ಅದಕ್ಕೇ ಹೇಳ್ಲಿಲ್ಲ.”

ಅಪ್ಪ ಟಿ.ವಿ.ಯ ಕಡೆ ಕೈ ತೋರಿಸಿದರು. ವಾದದಲ್ಲಿ ಸಿಕ್ಕಿಬಿದ್ದಾಗ ಅವರು ಯಾವಾಗಲೂ ಸ್ವರ ಏರಿಸುತ್ತಾರೆ. “ಈ ಟಿ.ವಿ.ಯೇ ಸರಿಯಿಲ್ಲ! ಇವಳ ಮದುವೆಯ ಹಾಲಿನಲ್ಲಿ ಇಷ್ಟು ದೊಡ್ಡ ಪರದೆ ಕಟ್ಟಿಸ್ತೇನೆ. ನಿನ್ನ ಪೆಟ್ಟಿಗೆ ತಕೊಂಡು ಅಲ್ಲಿಗೆ ಬಾ! ಹೆಂಡತಿ ಮಗಳನ್ನು ಕರ್ಕೊಂಡು ಬಾ! ನಾಲ್ಕು ಜನ ನೋಡಿ ಹೇಳ್ಲಿ ಯಾರದ್ದು ಸರಿ ಅಂತ!”

ಅತ್ತೆ ಸೆರಗಿಗೆ ಕೈ ಒರೆಸುತ್ತ ಹಾಲಿಗೆ ಬಂದರು. “ಆಯ್ತಲ್ಲ. ಹೇಳಿಕೆ ಆಯ್ತು.”

“ಎಂತ ಹೇಳಿಕೆ? ನಾನು ಡಿಸ್ಕಿನ ವಿಷಯ...”

“ಮದುವೆ ಅಂದೆ, ಬಾ ಅಂದೆ, ಹೆಂಡತಿ ಮಗಳನ್ನು ಕರ್ಕೊಂಡು ಬಾ ಅಂದೆ. ಇನ್ನೆಂತ ಬಾಕಿ ಉಂಟು? ನಾವೆಲ್ಲ ಕೇಳಿದ್ದೇವೆ.” ಒಳಗಿನಿಂದ ಕುಂಕುಮದ ಬಟ್ಟಲು ತಂದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಒಂದು ಕ್ಷಣವೂ ತಡಮಾಡದೆ ಚಿಕ್ಕಮ್ಮನ ಹಣೆಗೆ ಹಚ್ಚಿದರು. ಅಮ್ಮ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಅಪ್ಪ ಆ ಗಡ್ಡದ ಮುದುಕನನ್ನೇ ನೋಡುತ್ತ ನಿಂತರು. ಇಲ್ಲ ಎನ್ನಲಿಲ್ಲ.

ವೈರಿನ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಹೇಳಿದ್ದರೆ ಪರೀಕ್ಷೆ ರದ್ದು, ಅದರ ಜೊತೆ ಹೇಳಿಕೆಯೂ ರದ್ದು. ಇವತ್ತಿನವರೆಗೂ ಹೇಳಿಲ್ಲ.

ಮದುವೆಯಲ್ಲಿ ಪರದೆಯನ್ನು ಯಾರೂ ಕಟ್ಟಿಸಲಿಲ್ಲ. ಅದಾಗಿ ತಿಂಗಳೊಪ್ಪತ್ತಿನಲ್ಲಿ ಎಚ್.ಡಿ. ಡಿವಿಡಿ ಮಾಡುತ್ತಿದ್ದವರೇ ಕೈಚೆಲ್ಲಿದರು, ಅಪ್ಪನ ಪ್ಲೇಯರ್ ಅಟ್ಟಕ್ಕೆ ಹೋಯಿತು. ಗೆದ್ದ ಬ್ಲೂ-ರೇಯೂ ಹೆಚ್ಚು ಕಾಲ ಮೆರೆಯಲಿಲ್ಲ. ಈಗ ಅಂಗೈಯಗಲದ ಮೊಬೈಲಿನಲ್ಲಿ ಎಲ್ಲ ಕನ್ನಡಿಯ ಹಾಗೆ ಕಾಣುತ್ತದೆ, ಕೂದಲು ಎಣಿಸುವವರೇ ಇಲ್ಲ. ಆ ಜಗಳಕ್ಕಾಗಿ, ಆ ಸೋಫಾ ಮತ್ತು ನೆಲದ ಜೋಡಿಗಾಗಿ ನನ್ನ ಜೀವ ಈಗಲೂ ಹಂಬಲಿಸುತ್ತದೆ.

ಮದುವೆಯ ದಿನ ಚಿಕ್ಕಪ್ಪ ಬೆಳಕು ಹರಿಯುವ ಮೊದಲೇ ಬಂದರು. ಸೀದಾ ಮದುವೆ ಹಾಲಿನ ಅಡುಗೆಮನೆಗೆ ಹೋಗಿ ಸಾರಿನ ರುಚಿ ನೋಡಿ, ಅಡುಗೆಯವರಿಗೆ ಬೈದು, ಅಲ್ಲೇ ಉಳಿದರು. ಅಪ್ಪನ ಎದುರಿಗೆ ಬರಲಿಲ್ಲ. ಅಪ್ಪನೂ ಕೇಳಲಿಲ್ಲ. ಅತ್ತೆಯ ಉಪಾಯದಿಂದ ಕಾಲು ಬಂದಿದೆ, ಮನಸ್ಸು ಬಂದಿಲ್ಲವೇನೋ ಎಂದು ನಾನು ಮಂಟಪದಿಂದ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ.

ಧಾರೆಯ ಹೊತ್ತಾಯಿತು. ನಮ್ಮ ಜೋಡಿಸಿದ ಕೈಗಳ ಮೇಲೆ ಅಪ್ಪ ಗಿಂಡಿ ಹಿಡಿದರು. ಅದು ವಾಲಿ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು. ಭಟ್ಟರು ಮಂತ್ರ ನಿಲ್ಲಿಸಿ ಕಾದರು. ಚಿಕ್ಕಪ್ಪ ಆಗಷ್ಟೇ ಅಡುಗೆಮನೆಯಿಂದ ಬಂದು ಜನರ ಹಿಂದೆ, ಕಂಬಕ್ಕೊರಗಿ ನಿಂತಿದ್ದರು. ಅಪ್ಪ ತಲೆಯೆತ್ತಿ ಅವರನ್ನು ಹುಡುಕಿದರು. ನನ್ನ ಕಡೆ ತಿರುಗಲಿಲ್ಲ, ‘ಅವನಿಗೆ ಹೇಳು’ ಎನ್ನಲಿಲ್ಲ.

“ಅಲ್ಲಿ ಎಂತ ಮಾಡ್ತಿದ್ದೀ ಮಾರಾಯ? ನನ್ನಿಂದ ಒಬ್ಬನಿಂದ ಆಗುದಿಲ್ಲ. ಬಂದು ಹಿಡಿ.”

ಜನ ದಾರಿಬಿಟ್ಟರು. ಅಪ್ಪನ ಕೈಯ ಕೆಳಗೆ, ಸೌಟು ಹಿಡಿದು ದಡ್ಡುಗಟ್ಟಿದ ಕೈಯೊಂದು ಬಂದು ನಿಂತಿತು.

“ಹಿಡಿದಿದ್ದೇನೆ ಅಣ್ಣ” ಎಂದರು ಚಿಕ್ಕಪ್ಪ.