ಮಾಸ್ತರನ ರೊಟ್ಟಿ

ಬೇಸಿಗೆ ರಜೆ ಶುರುವಾದ ಮೂರನೆಯ ದಿನ ನನ್ನ ಹೆಂಡತಿ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಇಳಿಯುವಾಗ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಕುಂದಗೋಳದ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದ ಡಾಕ್ಟರು ಆರು ವಾರ ಕೈ ಅಲ್ಲಾಡಿಸಬಾರದು ಎಂದರು. ಅವಳು ಮೊದಲು ಕೇಳಿದ್ದು, "ಮಾವಾರಿಗೆ ರೊಟ್ಟಿ ಯಾರ್ ಬಡೀತಾರ್ರಿ?" ಕೈ ನೋವಿಗಿಂತ ಅದೇ ಅವಳ ಚಿಂತೆ. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ನಮ್ಮ ಶಾಲೆಯ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ.

ಮನೆಯಲ್ಲಿ ನಾವು ಮೂವರೇ. ಅಪ್ಪನಿಗೆ ಎಂಬತ್ತು ದಾಟಿದೆ, ಬಾಯಲ್ಲಿ ನಾಲ್ಕು ಹಲ್ಲು ಉಳಿದಿವೆ. ಅನ್ನ ಅವನ ಲೆಕ್ಕದಲ್ಲಿ ಊಟವಲ್ಲ. ಬೇಕಾದದ್ದು ಜೋಳದ ರೊಟ್ಟಿ, ಅದೂ ಹಂಚಿನಿಂದ ನೇರ ತಾಟಿಗೆ ಬೀಳಬೇಕು. ಪೇಟೆಯಿಂದ ಖಡಕ್ ರೊಟ್ಟಿ ತಂದು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟೆ. ಎರಡು ತುತ್ತು ತಿಂದು ತಾಟು ಸರಿಸಿ ಹಸಿವಿಲ್ಲ ಎಂದ. ಮೂರು ದಿನ ಹಸಿವಿಲ್ಲ ಎಂದವನ ಗಲ್ಲ ಒಳಗೆ ಹೋಗಿತ್ತು.

ನಾಲ್ಕನೆಯ ದಿನ ನಾನೇ ಹಿಟ್ಟು ನಾದುವ ಪರಾತದ ಮುಂದೆ ಕೂತೆ. ಹೆಂಡತಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತು ಪಾಠ ಹೇಳಿದಳು. ಕುದಿಯುವ ನೀರನ್ನು ಹಿಟ್ಟಿನ ನಡುವೆ ಸುರಿಯಬೇಕು, ಕೈ ಸುಟ್ಟರೂ ಬಿಸಿ ಇರುವಾಗಲೇ ನಾದಬೇಕು. "ಹೊಸಾ ಜ್ವಾಳದ ಹಿಟ್ಟ ಐತ್ರಿ, ಜಿಗಿ ಭಾಳ. ಇದೂ ಹರೀತಂದ್ರ ಹಿಟ್ಟಿನ ತಪ್ಪಲ್ಲ ಮತ್ತ," ಎಂದಳು. ಮೊದಲ ರೊಟ್ಟಿ ಎತ್ತುವಾಗಲೇ ಎರಡು ತುಂಡಾಯಿತು. ಎರಡನೆಯದು ಹಂಚಿನ ಮೇಲೆ ಮಡಚಿಕೊಂಡು ಬಿತ್ತು. "ಇಪ್ಪತ್ತೆರಡು ವರ್ಷ ಮಂದಿ ಮಕ್ಕಳಿಗೆ ವೃತ್ತಾ ತಗಿಯೂದು ಕಲಿಸೀರಿ!" ಎಂದು ನಕ್ಕಳು. ನಗುವಾಗ ಕೈ ನೊಂದು "ಯವ್ವಾ" ಎಂದಳು, ಮತ್ತೆ ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ತೊಂದರೆ ಬಂದದ್ದು ಅಪ್ಪನಿಂದ. ರೊಟ್ಟಿ ಬಡಿಯುವ ಸಪ್ಪಳ ನಮ್ಮ ಓಣಿಯಲ್ಲಿ ಮುಚ್ಚಿಡುವಂಥದ್ದಲ್ಲ. ಯಾರ ಮನೆಯಲ್ಲಿ ಯಾರು ಬಡಿಯುತ್ತಿದ್ದಾರೆ ಎಂಬುದನ್ನು ಹೆಂಗಸರು ಕಟ್ಟೆಯ ಮೇಲೆ ಕೂತೇ ಹೇಳಿಬಿಡುತ್ತಾರೆ. ನನ್ನದು ಎರಡು ಏಟು ಬಿದ್ದು ಒಂದಕ್ಕೆ ನಿಲ್ಲುವ ಕುಂಟು ಬಡಿತ. ಅಪ್ಪ ಎದ್ದು ಹೋಗಿ ತಲಬಾಗಿಲು ಮುಚ್ಚಿದ. ಏಪ್ರಿಲ್ ತಿಂಗಳು, ಮುಂಜಾನೆ ಹನ್ನೊಂದರ ಬಿಸಿಲು, ಎದುರಿಗೆ ಕಾದ ಹಂಚು.

"ಸೆಕಿ ಆಗತೈತಿ, ಬಾಗಲಾ ತಗೀಯಪಾ," ಎಂದೆ.

"ಮಂದಿ ಏನಂದಾರು? ಗಂಡಮಗಾ ರೊಟ್ಟಿ ಬಡ್ಯಾಕತ್ತಾನ ಅಂತ ಓಣ್ಯಾಗೆಲ್ಲಾ ಆಡ್ಕೊಳ್ಳಲೇನು?"

ರೊಟ್ಟಿ ಅವನಿಗೆ ಬೇಕು. ಅದನ್ನು ಮಗ ಬಡಿದನೆಂಬ ಮಾತು ಮಾತ್ರ ಹೊರಗೆ ಹೋಗಬಾರದು. ತುಂಡು ರೊಟ್ಟಿಗಳನ್ನು ಪುಂಡಿಪಲ್ಲೆಯ ಜೊತೆ ತಿಂದ. ಹೊಟ್ಟೆ ತುಂಬ ಉಂಡನಲ್ಲ ಎಂದು ಖುಷಿಯಾಯಿತು, ಮುಚ್ಚಿದ ಬಾಗಿಲು ನೋಡಿ ಮೈಯೂ ಉರಿಯಿತು.

ಹದಿನೈದು ದಿನ ಹೀಗೇ ನಡೆಯಿತು. ರೊಟ್ಟಿ ದುಂಡಗಾಗತೊಡಗಿತು, ಅಂಚು ಮಾತ್ರ ದಪ್ಪ. ನಾನು ಬಡಿದು ಹಂಚಿಗೆ ಹಾಕಿದರೆ ಹೆಂಡತಿ ಎಡಗೈಯಲ್ಲಿ ಹಸಿ ಅರಿವೆ ಹಿಡಿದು ಅದರ ಮೇಲೆ ನೀರು ಸವರುತ್ತಿದ್ದಳು. ರೊಟ್ಟಿ ಉಬ್ಬಿದ ದಿನ ಇಬ್ಬರೂ ಸಣ್ಣ ಹುಡುಗರ ಹಾಗೆ ಹಿಗ್ಗುತ್ತಿದ್ದೆವು. ಅವಳ ತವರಿನ ಸುದ್ದಿ, ನಮ್ಮ ಮದುವೆಯಲ್ಲಿ ಸಾರು ಕಡಿಮೆ ಬಿದ್ದ ಕಥೆ, ಏನೇನೋ ಮಾತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವು ಮುಂಜಾನೆ ಅಷ್ಟು ಹೊತ್ತು ಕೂಡಿ ಕೂತದ್ದೇ ಇರಲಿಲ್ಲ. ಬೆವರೊಂದು ಬಿಟ್ಟರೆ ನಾನು ಸುಖವಾಗಿಯೇ ಇದ್ದೆ.

ಅಷ್ಟರಲ್ಲಿ ಅಪ್ಪ ಓಣಿಯಲ್ಲಿ ಒಂದು ಸುಳ್ಳು ಹಬ್ಬಿಸಿದ್ದ. ಬಮ್ಮಿಗಟ್ಟಿಯಿಂದ ತನ್ನ ತಂಗಿ ಬಂದಿದ್ದಾಳೆ, ರೊಟ್ಟಿ ಬಡಿಯುವವಳು ಅವಳೇ ಎಂದು. ಇದು ನಮಗೆ ತಿಳಿದದ್ದು ಅಪ್ಪನ ಗೆಳೆಯ, ಎದುರು ಮನೆಯ ದರ್ಜಿ ಕಾಕಾ, ಒಂದು ಮುಂಜಾನೆ ಕಲ್ಲಂಗಡಿ ಹಿಡಿದುಕೊಂಡು ಬಂದು ಬಾಗಿಲು ಬಡಿದಾಗ.

"ನಿನ್ನ ತಂಗೀನ ನೋಡಿ ಭಾಳ ವರ್ಷಾತು, ಮಾತಾಡ್ಸಿ ಹೋಗೂಣು ಅಂತ ಬಂದೆ. ಹದಿನೈದು ದಿನಾ ಆತು, ಹೊರಗ ಬರವಲ್ಲಳಲ್ಲೋ. ಆರಾಮ ಅದಾಳಿಲ್ಲೋ?"

ಅಪ್ಪ ಬಾಗಿಲಲ್ಲಿ ನಿಂತಿದ್ದ. ಒಳಗೆ ನನ್ನ ಕೈ ನಿಂತಿತು. ಹೆಂಡತಿ ಕಣ್ಣರಳಿಸಿ ನನ್ನನ್ನೇ ನೋಡಿದಳು. ತಂಗಿ ಮಲಗಿದ್ದಾಳೆ ಎಂದೋ, ನಿನ್ನೆಯೇ ಊರಿಗೆ ಹೋದಳು ಎಂದೋ ಹೇಳಿ ಅಪ್ಪ ಪಾರಾಗುತ್ತಾನೆ ಎಂದುಕೊಂಡೆ. ಹಾಗೇನಾದರೂ ಹೇಳಿದರೆ ನಾಳೆಯಿಂದ ಹಿಟ್ಟು ಮುಟ್ಟುವುದಿಲ್ಲ ಎಂದು ಸಿಟ್ಟಿನಲ್ಲಿ ನಿಶ್ಚಯವನ್ನೂ ಮಾಡಿಬಿಟ್ಟೆ.

ಅಪ್ಪ ಬಾಗಿಲನ್ನು ಪೂರ್ತಿ ತೆರೆದ.

"ತಂಗಿ ಬಂದಿಲ್ಲೋ ಮಾರಾಯಾ," ಎಂದ. "ಸುಳ್ಳ ಹೇಳಿದ್ನಿ. ಮಗಾ ಬಡೀತಾನ."

"ಯಾರು, ಮಾಸ್ತರಾ?"

"ಹೂಂ. ಒಂದೀಟು ದಪ್ಪ ಬಡೀತಾನ. ಆದ್ರ ಒಂದ ದಿನಾನೂ ನನ್ನ ಉಪಾಸ ಇಟ್ಟಿಲ್ಲ ನೋಡು."

ಕಾಕಾ ನಗುತ್ತಾನೆಂದು ಕಾದೆ. ನಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ ಸಪ್ಪಳ ಕೇಳಿಸಿತು. ಆಮೇಲೆ ಅಪ್ಪ, ಓಣಿಗೆಲ್ಲ ಕೇಳುವಂತೆ, ಒಳಗೆ ತಿರುಗಿ ಕೂಗಿದ: "ಲೇ ತಮ್ಮಾ, ಕಾಕಾಗ ಇನ್ನೆರಡು ಬಡಿ!"

ನಾನು ಕೈಗೆ ಹಿಟ್ಟು ಹಚ್ಚಿಕೊಂಡೆ. ಕಣ್ಣು ತುಂಬಿ ಪರಾತ ಸರಿಯಾಗಿ ಕಾಣಲಿಲ್ಲ. ಹೊಗೆಯ ನೆಪ ಹೇಳೋಣವೆಂದರೆ ನಮ್ಮದು ಗ್ಯಾಸಿನ ಒಲೆ.